ಚೆನ್ನೆಮಣೆಯ ಹದಿನಾಲ್ಕು ಗುಳಿ, ಸಿಂಥಸೈಸರಿನ ಹದಿನಾರು ಮನೆ

ಕಳೆದ ನವರಾತ್ರಿಗೆ ಉದಕಮಂಡಲದಲ್ಲಿರುವ ನಮ್ಮ ದೊಡ್ಡಮ್ಮನ ಮನೆಗೆ ಹೋಗುವ ಸಂದರ್ಭ ಒದಗಿತು. ಮದುವೆಯಾಗಿ ಕುಂಬಳೆ ಕಡೆಯಿಂದ ಆ ಬೆಟ್ಟದ ಊರಿಗೆ ಹೋಗಿ ಅರುವತ್ತು ವರ್ಷ ಸಂದರೂ ಆಕೆಯ ನಾಲಗೆಯ ಕನ್ನಡವಾಗಲಿ, ಕೊರಳಿನ ದೇವರನಾಮಗಳಾಗಲಿ ಮಾಸಿಲ್ಲ. ಪೇಟೆಯಲ್ಲಿ ತಮಿಳು, ನೆರೆಯ ಹಟ್ಟಿಯಿಂದ ತರಕಾರಿ ತರುವವರೊಡನೆ ಬಡಗ, ಗೂಡಲೂರಿನಿಂದ ಬರುವ ನೆಂಟರ ಬಾಯಲ್ಲಿ ಮಲಯಾಳವೂ ಬೆರೆತ ಮಾತು. ಮನೆಯೊಳಗೆ ಮಾತ್ರ ಕನ್ನಡ. ಕಾಸರಗೋಡಿನವರಾದ ನಮಗೆ ಇಂತಹ ಮನೆ ಹೊಸತಲ್ಲ.

ನವರಾತ್ರಿಯ ಒಂದು ಸಂಜೆ ಆ ಮನೆಯಲ್ಲಿ ಭಜನೆ ಇರಿಸಿಕೊಳ್ಳುವುದು ವಾಡಿಕೆ. ಹಿಂದೆ ಮೃದಂಗ ನುಡಿಸುತ್ತಿದ್ದವರು ಬೆಟ್ಟ ಇಳಿದು ಮಗನ ಮನೆ ಸೇರಿದ್ದಾರೆ. ಅವರ ಬದಲಿಗೆ ಕೊಯಮತ್ತೂರಿನಲ್ಲಿ ಓದುತ್ತಿರುವ ಪುಳ್ಳಿ ತನ್ನ ಸಿಂಥಸೈಸರನ್ನು ಚಾವಡಿಗೆ ತಂದಿಟ್ಟ. ಮಾಣಿ ಗೂಡಲೂರಿನ ಮದುವೆಗಳಿಗೂ ಮಸಿನಗುಡಿಯ ಹಬ್ಬದ ಕಾರ್ಯಕ್ರಮಗಳಿಗೂ ವಾದ್ಯ ನುಡಿಸಲು ಹೋಗುವವನು, ಕೈ ಚುರುಕು. ಗುಂಡಿ ಒತ್ತಿದ ಕೂಡಲೇ ಡೋಲಿನಂತಹ ಶಬ್ದ ಎದ್ದಿತು. ಆದಿತಾಳದ ಮೊದಲ ಮೂರು ಹಾಡುಗಳು ಚೆನ್ನಾಗಿಯೇ ಸಾಗಿದವು.

ನಾಲ್ಕನೆಯದಾಗಿ ದೊಡ್ಡಮ್ಮ ತನ್ನ ತಾಯಿಯಿಂದ ಕಲಿತ ಒಂದು ದೇವರನಾಮವನ್ನು ಎತ್ತಿಕೊಂಡಳು. ಅದು ಮಿಶ್ರಛಾಪು ತಾಳದ್ದು. ಒಂದು ಆವರ್ತಕ್ಕೆ ಏಳು ಅಕ್ಷರ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಾಡು ಒಂದು ಕಡೆ, ಯಂತ್ರ ಇನ್ನೊಂದು ಕಡೆ. ಆಕೆ ಒಮ್ಮೆ ನಿಲ್ಲಿಸಿದಳು, ಮತ್ತೆ ಎತ್ತಿದಳು, ಮತ್ತೆ ತಪ್ಪಿತು.

“ಅಜ್ಜೀ, ಇದರಲ್ಲಿ ಆ ತಾಳ ಇಲ್ಲ. ಬೇರೆ ಯಾವುದಾದರೂ ಹಾಡಿ,” ಎಂದ ಮಾಣಿ, ಬೇಸರದಿಂದಲ್ಲ, ಸಹಜವಾಗಿಯೇ.

ದೊಡ್ಡಮ್ಮ ಮರುಮಾತಾಡದೆ ಬೇರೊಂದು ಹಾಡು ಹಾಡಿದಳು. ಮಂಗಳಾರತಿಯಾಯಿತು, ಚರುಪು ಹಂಚಿದರು, ಬಂದವರು ಹೋದರು. ಆದರೆ ಆ ಮಾತು ನನ್ನನ್ನು ರಾತ್ರಿಯೆಲ್ಲ ಕೊರೆಯಿತು. “ಇದರಲ್ಲಿ ಇಲ್ಲ” ಎಂಬುದು ಭಾಷಾ ಅಲ್ಪಸಂಖ್ಯಾತರಾದ ನಾವು ಕಚೇರಿಯ ನಮೂನೆಗಳ ಮುಂದೆ ಎಷ್ಟೋ ಬಾರಿ ಕೇಳಿದ ಮಾತು. ಹಾಡುಗಳು ಯಾರೂ ನಿಷೇಧಿಸಿ ಸಾಯುವುದಿಲ್ಲ. ಹೀಗೆ ಒಂದು ಸಂಜೆ ಅನುಕೂಲವಾಗಲಿಲ್ಲ ಎಂದು ಬಿಟ್ಟು, ಮರುವರ್ಷ ನೆನಪಾಗದೆ ಸಾಯುತ್ತವೆ. ನಿಜವಾಗಿಯೂ ಆ ಯಂತ್ರದಲ್ಲಿ ಏಳರ ಲೆಕ್ಕ ಇರಲಿಲ್ಲವೇ? ಮರುದಿನ ಬೆಳಿಗ್ಗೆ ಕಾಫಿ ಕುಡಿದು ನಾವಿಬ್ಬರೂ ಅದರ ಮುಂದೆ ಕುಳಿತೆವು. ಅಂದು ತಿಳಿದುಕೊಂಡದ್ದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ. ನಮ್ಮ ಊರುಗಳಲ್ಲೂ ಇಂದು ಮದ್ದಳೆ, ಮೃದಂಗ ಬಾರಿಸುವ ಕೈ ಕಡಿಮೆಯಾಗಿ ಕೀಬೋರ್ಡು ಹೆಚ್ಚಾಗಿರುವುದರಿಂದ ಇದು ಉಪಯೋಗಕ್ಕೆ ಬಂದೀತು.

ಯಂತ್ರ ಎಣಿಸುವ ಬಗೆ

ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಸ್ವಿಚ್ಚು ಒತ್ತಿದರೆ ತಾನಾಗಿ ಬಡಿದುಕೊಳ್ಳುವ ನಗಾರಿ–ಜಾಗಟೆಯ ಯಂತ್ರವನ್ನು ಕಂಡಿದ್ದೀರಿ. ಅದರೊಳಗೆ ಒಂದು ಮೋಟಾರು, ಅದು ತಿರುಗಿಸುವ ಒಂದು ದಂಡ, ದಂಡದ ಮೇಲೆ ಅಲ್ಲಲ್ಲಿ ಉಬ್ಬುಗಳು. ಉಬ್ಬು ಬಂದಾಗ ಕೋಲು ಎದ್ದು ಬೀಳುತ್ತದೆ. ಯಾವಾಗ ಯಾವುದು ಬಡಿಯಬೇಕೆಂಬುದು ಉಬ್ಬುಗಳ ಜಾಗದಲ್ಲಿದೆ. ಎಷ್ಟು ಬೇಗ ಬಡಿಯಬೇಕೆಂಬುದು ಮೋಟಾರಿನ ವೇಗದಲ್ಲಿದೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಅರ್ಧ ವಿದ್ಯೆ ಕಲಿತಂತೆ. ಸಿಂಥಸೈಸರಿನಲ್ಲಿ ಉಬ್ಬುಗಳ ಕೆಲಸ ಮಾಡುವ ಭಾಗಕ್ಕೆ ಸ್ಟೆಪ್ ಸೀಕ್ವೆನ್ಸರ್ ಎಂದು ಹೆಸರು. ಮೋಟಾರಿನ ಕೆಲಸ ಮಾಡುವುದು ಟೆಂಪೋ ಕ್ಲಾಕ್, ಅಂದರೆ ಲಯದ ಗಡಿಯಾರ.

ಈ ಉಪಾಯ ಇಂದು ನಿನ್ನೆಯದಲ್ಲ. ಅಲ್ ಜಜರಿ ಎಂಬ ಪಶ್ಚಿಮ ಏಷ್ಯಾದ ಶಿಲ್ಪಿ 1206ರಲ್ಲಿ ಬರೆದು ಮುಗಿಸಿದ ಯಂತ್ರಗ್ರಂಥದಲ್ಲಿ, ನೀರಿನ ಬಲದಿಂದ ಉರುಳೆ ತಿರುಗಿ, ಅದರ ಗೂಟಗಳು ತಾಗಿದಂತೆ ವಾದ್ಯ ಬಾರಿಸುವ ಬೊಂಬೆಗಳ ದೋಣಿಯ ವಿವರಣೆಯುಂಟು. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಗೂಟದ ಬದಲು ವಿದ್ಯುತ್ತನ್ನು ತಂದರು. ಮೂಗ್ ಅವರ 960 ಎಂಬ ಸೀಕ್ವೆನ್ಸರಿನಲ್ಲಿ ಎಂಟೆಂಟು ತಿರುಗುಗುಂಡಿಗಳ ಮೂರು ಸಾಲು. ಒಂದೊಂದು ಗುಂಡಿಯೂ ಒಂದೊಂದು ಮಟ್ಟದ ವಿದ್ಯುತ್ತನ್ನು ಕಳುಹಿಸುತ್ತಿತ್ತು. ಆ ಮಟ್ಟ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುವುದು. ಗಡಿಯಾರದ ಒಂದು ಮಿಡಿತಕ್ಕೆ ಒಂದು ಮನೆ ಮುಂದೆ. ಎಂಟು ಮುಗಿದರೆ ಮರಳಿ ಒಂದು.

ಮಾಣಿಯ ಸಿಂಥಸೈಸರಿನಲ್ಲಿ ಇಂತಹ ಮನೆಗಳು ಹದಿನಾರು. ಪ್ರತಿಯೊಂದು ಮನೆಯಲ್ಲೂ ನಾವು ಹೇಳಬಹುದಾದದ್ದು ಇಷ್ಟು: ಶಬ್ದ ಬೇಕೇ, ಮೌನವೇ, ಯಾವ ಸ್ವರ, ಗಟ್ಟಿಯೇ, ಮೆದುವೇ, ಮುಂದಿನ ಸ್ವರಕ್ಕೆ ಬಿಡಿಯಾಗಿ ಹೋಗಬೇಕೇ, ಜಾರಿಕೊಂಡು ಹೋಗಬೇಕೇ. ದೀಪ ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತ ಹೋದಂತೆ ಆಯಾ ಮನೆಯಲ್ಲಿಟ್ಟದ್ದು ಕೇಳಿಸುತ್ತದೆ.

ನೀಲಗಿರಿಯ ಮಲೆರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ಇದು ಇನ್ನೂ ಸುಲಭವಾಗಿ ಹೊಳೆದೀತು. ಕಲ್ಲಾರಿನಿಂದ ಕೂನೂರಿನ ವರೆಗೆ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಗಳಿವೆ. ಇಂಜಿನಿನ ಹಲ್ಲುಚಕ್ರ ಒಂದೊಂದು ಹಲ್ಲನ್ನೂ ಹಿಡಿದುಕೊಂಡೇ ಏರಬೇಕು. ನಡುವೆ ಒಂದು ಹಲ್ಲು ಹಾರಿಸಿ ಹೋಗುವಂತಿಲ್ಲ. ಇಂಜಿನು ನಿಧಾನವಾದರೂ ವೇಗವಾದರೂ ಹಲ್ಲುಗಳ ನಡುವಿನ ಅಂತರ ಅಷ್ಟೇ. ಸೀಕ್ವೆನ್ಸರಿನ ಮನೆಗಳೂ ಹೀಗೆಯೇ: ವೇಗ ಬದಲಾದರೂ ಮನೆಗಳ ಲೆಕ್ಕ ಬದಲಾಗದು.

ಹದಿನಾರರಲ್ಲಿ ಏಳು ಕೂಡದ್ದೇಕೆ

ಹಾಗಾದರೆ ಹಿಂದಿನ ಸಂಜೆ ತಪ್ಪಿದ್ದೆಲ್ಲಿ? ಹದಿನಾರು ಎಂಬ ಸಂಖ್ಯೆ ನಾಲ್ಕರ ಮಗ್ಗಿಯದು. ಎಂಟಕ್ಷರದ ಹಾಡನ್ನು ಅದರಲ್ಲಿ ಎರಡು ಸುತ್ತು ಹಾಡಬಹುದು. ಏಳಕ್ಷರದ ಹಾಡು ಎರಡು ಸುತ್ತು ಮುಗಿದಾಗ ಹದಿನಾಲ್ಕು ಮನೆ ಆಗುತ್ತದೆ. ದೊಡ್ಡಮ್ಮ ಸಮಕ್ಕೆ ಬಂದಿರುತ್ತಾಳೆ. ಯಂತ್ರಕ್ಕೆ ಇನ್ನೂ ಎರಡು ಮನೆ ಬಾಕಿ. ಮುಂದಿನ ಸುತ್ತಿನಲ್ಲಿ ನಾಲ್ಕು, ಅನಂತರ ಆರು. ಹೀಗೆ ಜಾರುತ್ತ ಹೋಗಿ ಇಬ್ಬರ ಮೊದಲಕ್ಷರವೂ ಮತ್ತೆ ಕೂಡಬೇಕಾದರೆ 112 ಅಕ್ಷರ ಕಳೆಯಬೇಕು; ಅಷ್ಟರಲ್ಲಿ ಹಾಡು ಹದಿನಾರು ಆವರ್ತ ಮುಗಿಸಿರುತ್ತದೆ, ಯಂತ್ರ ಏಳು ಸುತ್ತು. ನುರಿತ ಮೃದಂಗದವರು ತನಿ ಆವರ್ತನದಲ್ಲಿ ಇಂತಹ ಲೆಕ್ಕವನ್ನು ಬೇಕೆಂದೇ ಹೆಣೆದು, ಸರಿಯಾದ ಜಾಗದಲ್ಲಿ ಇಳಿದು ಚಪ್ಪಾಳೆ ಗಿಟ್ಟಿಸುತ್ತಾರೆ. ಯಂತ್ರಕ್ಕೆ ಹಾಗೆ ಇಳಿಯುವ ವಿವೇಕವಿಲ್ಲ. ಅದು ತನ್ನ ಹದಿನಾರನ್ನು ಎಣಿಸುತ್ತದೆ, ಅಷ್ಟೇ.

ನಾನು ಈ ಲೆಕ್ಕವನ್ನು ಕಾಗದದ ಮೇಲೆ ಗೀಚುತ್ತಿರುವಾಗ ದೊಡ್ಡಮ್ಮ ಬಂದು ಇಣುಕಿ ನೋಡಿದಳು. ಒಳಗೆ ಹೋಗಿ ಹಳೆಯ ಚೆನ್ನೆಮಣೆಯನ್ನೂ ಮಂಜೊಟ್ಟಿ ಕಾಯಿಯ ಡಬ್ಬಿಯನ್ನೂ ತಂದಿಟ್ಟಳು. ತವರಿನಿಂದ ಬಂದ ಮಣೆ ಅದು.

“ನಿಮ್ಮ ಪೆಟ್ಟಿಗೆಗೆ ಹದಿನಾರು ಮನೆ ಯಾಕೆ? ಇದಕ್ಕೆ ಹದಿನಾಲ್ಕೇ. ಆಚೆ ಏಳು, ಈಚೆ ಏಳು,” ಎಂದಳು.

ಆಕೆ ತಮಾಷೆಗೆ ಹೇಳಿದಳೋ, ತಿಳಿದೇ ಹೇಳಿದಳೋ, ಉತ್ತರ ಅದರಲ್ಲಿಯೇ ಇತ್ತು. ಚೆನ್ನೆಮಣೆಯ ಒಂದು ಸಾಲು ಮಿಶ್ರಛಾಪುವಿನ ಒಂದು ಆವರ್ತ. ತಕಿಟ ಎಂಬ ಮೂರು, ತಕದಿಮಿ ಎಂಬ ನಾಲ್ಕು. ಪೆಟ್ಟು ಬೀಳುವುದು ಒಂದು, ನಾಲ್ಕು ಮತ್ತು ಆರನೆಯ ಅಕ್ಷರಗಳ ಮೇಲೆ. ಆಯಾ ಗುಳಿಗೆ ಒಂದೊಂದು ಕಾಯಿ ಹಾಕಿದೆವು. ಎದುರಿನ ಸಾಲಿನಲ್ಲೂ ಹಾಗೆಯೇ. ಬೆರಳಿನಿಂದ ಗುಳಿ ಗುಳಿಯನ್ನು ಮುಟ್ಟುತ್ತ ಸುತ್ತು ಬರುವಾಗ ದೊಡ್ಡಮ್ಮ ಮೆಲ್ಲನೆ ಹಾಡಿದಳು. ಎಲ್ಲಿಯೂ ತಪ್ಪಲಿಲ್ಲ.

ಯಂತ್ರಕ್ಕೂ ಇದನ್ನೇ ಹೇಳಬೇಕಾದದ್ದು. ಬಹುಪಾಲು ಸೀಕ್ವೆನ್ಸರುಗಳಲ್ಲಿ ಕೊನೆಯ ಮನೆ ಯಾವುದೆಂದು ನಿಶ್ಚಯಿಸುವ ಸೌಲಭ್ಯವಿರುತ್ತದೆ. ಲಾಸ್ಟ್ ಸ್ಟೆಪ್ ಎಂದೋ ಲೆಂಗ್ತ್ ಎಂದೋ ಬರೆದಿರುತ್ತದೆ. ಅಂಗಡಿಯಿಂದ ಬರುವಾಗ ಅದು ಹದಿನಾರಕ್ಕೆ ನಿಂತಿರುತ್ತದೆ. ಅದನ್ನು ಮುಟ್ಟಬಹುದೆಂದು ಹೆಚ್ಚಿನವರಿಗೆ ತೋಚುವುದಿಲ್ಲ. ಮಾಣಿಗೂ ತೋಚಿರಲಿಲ್ಲ. ಮದುವೆಯ ಹಾಡುಗಳಿಗೆ ಅದರ ಅಗತ್ಯವೇ ಬಂದಿರಲಿಲ್ಲವಷ್ಟೆ. ಹದಿನಾರನ್ನು ಹದಿನಾಲ್ಕು ಮಾಡಿದ. 1 ಮತ್ತು 8ರಲ್ಲಿ ತಗ್ಗು ಧ್ವನಿಯ ಗಟ್ಟಿ ಪೆಟ್ಟು. 4, 6, 11, 13ರಲ್ಲಿ ಏರು ಧ್ವನಿಯ ಪೆಟ್ಟು. ಉಳಿದವುಗಳಲ್ಲಿ ತಾಳದ ಕಿಣಿಯಂತಹ ಮೆದು ಶಬ್ದ. ಐದು ನಿಮಿಷದ ಕೆಲಸ.

ಇದೇ ದಾರಿಯಲ್ಲಿ ಬೇರೆ ತಾಳಗಳನ್ನೂ ಕೂಡಿಸಬಹುದು. ರೂಪಕಕ್ಕೆ ಹನ್ನೆರಡು ಮನೆ, ಅಂದರೆ ಆರರ ಎರಡು ಸುತ್ತು. ಖಂಡಛಾಪುವಿಗೆ ಹತ್ತು, ಅಂದರೆ ಐದರ ಎರಡು ಸುತ್ತು. ಪೆಟ್ಟು ಒಂದು ಮತ್ತು ಮೂರರಲ್ಲಿ, ಮರಳಿ ಆರು ಮತ್ತು ಎಂಟರಲ್ಲಿ. ನಮ್ಮ ಯಕ್ಷಗಾನದ ಝಂಪೆಗೂ ಹತ್ತಕ್ಷರ, ತ್ರಿವುಡೆಗೆ ಏಳು, ಅಷ್ಟತಾಳಕ್ಕೆ ಹದಿನಾಲ್ಕು. ಮನೆಗಳ ಲೆಕ್ಕ ಒಂದೇ ಆದರೂ ಪೆಟ್ಟು ಬೀಳುವ ಜಾಗ ಬೇರೆ. ಅದನ್ನು ಬಲ್ಲ ಹಿರಿಯರನ್ನು ಕೇಳಿಯೇ ಕಾಯಿ ಇಡಬೇಕು.

ಲಯದ ಗಡಿಯಾರ

ಇನ್ನು ವೇಗದ ಮಾತು. ಸಿಂಥಸೈಸರಿನ ಗಡಿಯಾರ ಒಂದು ನಿಮಿಷಕ್ಕೆ ಎಷ್ಟು ಬಡಿತ ಎಂದು ಎಣಿಸುತ್ತದೆ. 120 ಎಂದರೆ ಅರ್ಧ ಸೆಕೆಂಡಿಗೆ ಒಂದು ಬಡಿತ. ಸಾಮಾನ್ಯವಾಗಿ ಒಂದು ಬಡಿತಕ್ಕೆ ನಾಲ್ಕು ಮನೆ ದಾಟುವಂತೆ ಇಟ್ಟಿರುತ್ತಾರೆ. ಆಗ ಹದಿನಾರು ಮನೆಯ ಒಂದು ಸುತ್ತಿಗೆ ಎರಡೇ ಸೆಕೆಂಡು. ಇದು ಕುಣಿತದ ಹಾಡಿನ ವೇಗ, ದೇವರನಾಮದ್ದಲ್ಲ.

ದೊಡ್ಡಮ್ಮನ ಹಾಡಿನ ವೇಗ ತಿಳಿಯಲು ನಾವು ಕೈಗಡಿಯಾರ ಹಿಡಿದು ಕುಳಿತೆವು. ಆಕೆ ಹಾಡಿದಂತೆ ಹತ್ತು ಆವರ್ತಕ್ಕೆ 28 ಸೆಕೆಂಡು ಹಿಡಿಯಿತು. ಹತ್ತು ಆವರ್ತವೆಂದರೆ 70 ಅಕ್ಷರ. ಒಂದು ಬಡಿತಕ್ಕೆ ಎರಡು ಅಕ್ಷರದಂತೆ ಎಣಿಸಿದರೆ 28 ಸೆಕೆಂಡಿಗೆ 35 ಬಡಿತ, ನಿಮಿಷಕ್ಕೆ 75. ಗಡಿಯಾರವನ್ನು 75ಕ್ಕೆ ನಿಲ್ಲಿಸಿ, ಒಂದು ಬಡಿತಕ್ಕೆ ಎರಡು ಮನೆ ಎಂದು ಬದಲಿಸಿದೆವು. ಈ ಬದಲಾವಣೆಗೆ ಕ್ಲಾಕ್ ಡಿವಿಷನ್ ಎನ್ನುತ್ತಾರೆ. ಸಂಗೀತಪಾಠದಲ್ಲಿ ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಹಾಡಿಸುತ್ತಾರಲ್ಲವೇ, ತಾಳ ಹಾಕುವ ಕೈ ಬದಲಾಗದೆ ಸ್ವರಗಳು ಇಮ್ಮಡಿ, ನಾಲ್ಮಡಿ ಆಗುತ್ತವೆಯಷ್ಟೆ? ಅದೇ ಇದು. ನಮ್ಮ ನೆರೆಯ ಮಲಯಾಳಿ ಬಂಧುಗಳ ಪಂಚಾರಿ ಮೇಳವನ್ನು ಕೇಳಿದವರಿಗೂ ಇದು ಗೊತ್ತು. 96 ಅಕ್ಷರದ ಪತಿಕಾಲದಿಂದ ಹೊರಟು 48, 24, 12, ಕೊನೆಗೆ 6 ಎಂದು ಅರ್ಧರ್ಧವಾಗಿ ಇಳಿದಂತೆ ಮೇಳ ಬಿರುಸಾಗುತ್ತದೆ.

ಗಡಿಯಾರದ ಇನ್ನೊಂದು ಗುಟ್ಟು ಇಲ್ಲಿಯೇ ಹೇಳಬೇಕು. ಯಂತ್ರಗಳು ಒಂದು ಬಡಿತವನ್ನು ಒಳಗೊಳಗೆ 24 ಮಿಡಿತಗಳಾಗಿ ಒಡೆದು ಒಂದಕ್ಕೊಂದು ಕಳುಹಿಸುತ್ತವೆ. ಜಪಾನಿನ ರೋಲ್ಯಾಂಡ್ ಕಂಪೆನಿ 1980ರಲ್ಲಿ ತಂದ ಟಿಆರ್ 808 ಎಂಬ ತಾಳಯಂತ್ರದಲ್ಲಿ ಈ ಲೆಕ್ಕ ಬಳಕೆಗೆ ಬಂತು. 1983ರಲ್ಲಿ ಬೇರೆ ಬೇರೆ ಕಂಪೆನಿಗಳ ವಾದ್ಯಗಳು ತಮ್ಮತಮ್ಮಲ್ಲಿ ಮಾತನಾಡಲು ಮಿಡಿ ಎಂಬ ಸಮಾನ ಭಾಷೆ ಬಂದಾಗಲೂ 24ರ ಲೆಕ್ಕವೇ ಉಳಿಯಿತು. 24 ಏಕೆ? ಅದನ್ನು ಎರಡು, ಮೂರು, ನಾಲ್ಕು, ಆರು, ಎಂಟು ಎಂದು ಒಡೆಯಬಹುದು. ಚತುರಶ್ರ ನಡೆಗೆ ಆರಾರು ಮಿಡಿತ, ತಿಶ್ರ ನಡೆಗೆ ಎಂಟೆಂಟು. ಎರಡೂ ಸರಿಯಾಗಿ ಕೂಡುತ್ತವೆ. ಆದರೆ 24ನ್ನು ಐದರಿಂದಾಗಲಿ ಏಳರಿಂದಾಗಲಿ ಭಾಗಿಸಿದರೆ ಶೇಷ ಉಳಿಯುತ್ತದೆ. ಎಂದರೆ ಖಂಡ, ಮಿಶ್ರ ನಡೆಗಳಿಗೆ ಗಡಿಯಾರದ ಈ ಲೆಕ್ಕದಲ್ಲಿ ಜಾಗ ಇಟ್ಟಿರಲಿಲ್ಲ. ಅದನ್ನು ಕಟ್ಟಿದವರ ಕಿವಿಯಲ್ಲಿ ಅಂತಹ ಹಾಡುಗಳು ಹೆಚ್ಚಾಗಿ ಇರಲಿಲ್ಲವೆಂದೇ ತಿಳಿಯಬೇಕು. ಇದಕ್ಕೆ ಪರಿಹಾರವೆಂದರೆ ಬಡಿತವನ್ನು ಐದೋ ಏಳೋ ಆಗಿ ಒಡೆಯಲು ಹೋಗದೆ, ಅಕ್ಷರಕ್ಕೊಂದು ಮನೆ ಕೊಟ್ಟು ಸುತ್ತಿನ ಉದ್ದವನ್ನೇ ಬದಲಿಸುವುದು. ನಾವು ಮಾಡಿದ್ದೂ ಅದನ್ನೇ.

ಭಾಗವತರು ಯಾರು?

ಮಾಣಿಯ ಬಳಿ ಸಿಂಥಸೈಸರಲ್ಲದೆ ಬೇರೊಂದು ಸಣ್ಣ ತಾಳಯಂತ್ರವೂ ಇತ್ತು. ಎರಡನ್ನೂ 120ಕ್ಕೆ ಇಟ್ಟು ಒಟ್ಟಿಗೆ ಗುಂಡಿ ಒತ್ತಿದರೆ ಸಾಲದೇ ಎಂದು ಕೇಳಿದೆ.

“ಸಾಲದು ಚಿಕ್ಕಪ್ಪ. ಎರಡು ನಿಮಿಷ ಸರಿ ಇರುತ್ತದೆ, ಆಮೇಲೆ ಜಾರುತ್ತದೆ,” ಎಂದ.

ನಿಜ. ಒಂದು ಯಂತ್ರ ನಿಮಿಷಕ್ಕೆ 120, ಇನ್ನೊಂದು ಹತ್ತರಲ್ಲೊಂದು ಪಾಲು ಹೆಚ್ಚಾಗಿ 120.1 ಬಡಿದರೆ ಹತ್ತು ನಿಮಿಷದಲ್ಲಿ ಒಂದು ಇಡೀ ಬಡಿತದ ವ್ಯತ್ಯಾಸ ಬರುತ್ತದೆ. ಆದುದರಿಂದ ಯಂತ್ರಗಳ ಕೂಟದಲ್ಲಿ ಗಡಿಯಾರ ಒಂದೇ ಇರಬೇಕು. ಉಳಿದವು ತಮ್ಮ ಗಡಿಯಾರ ನಿಲ್ಲಿಸಿ ಅದನ್ನು ಅನುಸರಿಸಬೇಕು. ನಮ್ಮ ಹಿಮ್ಮೇಳದ ಕ್ರಮವೂ ಇದೇ. ಚೆಂಡೆ, ಮದ್ದಳೆ, ಚಕ್ರತಾಳ ಎಷ್ಟೇ ಜೋರಾಗಿದ್ದರೂ ಲಯ ಇರುವುದು ಭಾಗವತರ ಕೈಯ ಜಾಗಟೆಯಲ್ಲಿ. ಎರಡು ಜಾಗಟೆಯ ಮೇಳವನ್ನು ಯಾರೂ ಕಂಡಿಲ್ಲ. ಯಂತ್ರದ ಪಟ್ಟಿಯಲ್ಲಿ ಒಂದಕ್ಕೆ ಇಂಟರ್ನಲ್ ಎಂದೂ ಉಳಿದವುಗಳಿಗೆ ಎಕ್ಸ್‌ಟರ್ನಲ್ ಎಂದೂ ಆರಿಸುವುದೆಂದರೆ ಯಾರು ಭಾಗವತರೆಂದು ನಿಶ್ಚಯಿಸುವುದೇ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಮಿಡಿತಗಳು ವೇಗವನ್ನು ಮಾತ್ರ ಹೇಳುತ್ತವೆ. ಸಮ ಎಲ್ಲಿ ಎಂದು ಹೇಳುವುದಿಲ್ಲ. ಅದಕ್ಕೆಂದೇ ಸ್ಟಾರ್ಟ್ ಎಂಬ ಬೇರೆ ಸಂದೇಶವಿದೆ. ಅದು ಬಂದಾಗ ಎಲ್ಲ ಯಂತ್ರಗಳೂ ಮೊದಲ ಮನೆಗೆ ಬರುತ್ತವೆ. ಓಡುತ್ತಿರುವ ಯಂತ್ರಕ್ಕೆ ನಡುವೆ ತಂತಿ ಜೋಡಿಸಿದರೆ ವೇಗ ಕೂಡುತ್ತದೆ, ಸಮ ಕೂಡದಿರಬಹುದು. ತಂತಿ ಮೊದಲು, ಗುಂಡಿ ಆಮೇಲೆ.

ಹಿಂದೆ ಈ ದಾರಿಯಲ್ಲಿ ಹೋದವರು

ಭಾರತೀಯರು ಈ ಯಂತ್ರಗಳಿಗೆ ಹೊಸಬರೇನಲ್ಲ. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಸರ್ ಸ್ಥಾಪನೆಯಾಯಿತು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಆ ಧ್ವನಿಸುರುಳಿಗಳು ದಶಕಗಳ ಕಾಲ ಮೂಲೆಯಲ್ಲಿದ್ದು 2023ರಲ್ಲಷ್ಟೆ ಪ್ರಕಟವಾದವು.

ಮುಂಬಯಿಯ ಚಲನಚಿತ್ರ ಸಂಗೀತದಲ್ಲಿ ವಾದಕರಾಗಿದ್ದ ಚರಣಜಿತ್ ಸಿಂಗ್ ಅವರ ಕತೆ ಇನ್ನೂ ಸ್ವಾರಸ್ಯದ್ದು. 1982ರಲ್ಲಿ ಅವರು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿದ ಒಂದು ಧ್ವನಿಮುದ್ರಿಕೆ ತಂದರು. ತಾಳಕ್ಕೆ 808, ತಗ್ಗುಸ್ವರದ ಸಾಲಿಗೆ ಹದಿನಾರು ಮನೆಯ ಸೀಕ್ವೆನ್ಸರುಳ್ಳ ಟಿಬಿ 303, ರಾಗಕ್ಕೆ ಜ್ಯೂಪಿಟರ್ 8 ಎಂಬ ಸಿಂಥಸೈಸರ್. ಮಾಲಕೌಂಸ್, ಭೂಪಾಲಿ, ಅಂದರೆ ನಮ್ಮ ಹಿಂದೋಳ, ಮೋಹನ ರಾಗಗಳೂ ಅದರಲ್ಲಿದ್ದವು. ಆಗ ಅದನ್ನು ಕೇಳಿದವರು ಕಡಿಮೆ. ಅಮೆರಿಕದ ಷಿಕಾಗೋ ನಗರದ ಯುವಕರು ಅದೇ 303ರಿಂದ ಆಸಿಡ್ ಹೌಸ್ ಎಂಬ ಹೊಸ ಬಗೆಯ ಸಂಗೀತವನ್ನು ಪ್ರಕಟಿಸಿದ್ದು 1987ರಲ್ಲಿ. 2010ರಲ್ಲಿ ಸಿಂಗ್ ಅವರ ಮುದ್ರಿಕೆ ಮರುಪ್ರಕಟವಾದಾಗ, ಐದು ವರ್ಷ ಮೊದಲೇ ಅಂತಹ ಧ್ವನಿ ಭಾರತದಲ್ಲಿ ಹೊಮ್ಮಿತ್ತೆಂದು ಲೋಕ ಬೆರಗಾಯಿತು. 2015ರಲ್ಲಿ ಅವರು ತೀರಿಕೊಂಡರು. ಅವರಿಂದ ಕಲಿಯಬೇಕಾದದ್ದೆಂದರೆ, ಎಣಿಕೆಯನ್ನು ಯಂತ್ರಗಳಿಗೆ ಬಿಟ್ಟು ರಾಗವನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು ಎಂಬುದು.

ಕನ್ನಡನಾಡಿನಲ್ಲಿಯೂ ಒಂದು ಉದಾಹರಣೆ ಇದೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದು, ಕೊಳಲು ವಾದಕರೂ ಆಗಿದ್ದ ಜಿ. ರಾಜ್‌ನಾರಾಯಣ್ 1979ರಲ್ಲಿ ಇಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯಿಂದ ಅನಂತರ ತಾಳಪೆಟ್ಟಿಗೆಗಳೂ ಬಂದವು. ಅವುಗಳಲ್ಲಿ ನಮ್ಮ ತಾಳಗಳ ಹೆಸರುಗಳೇ ಇರುವುದು. ವೇಗದ ಗುಂಡಿಯೊಂದನ್ನು ತಿರುಗಿಸಿದರೆ ಸಾಕು. ಒಳಗಿನ ತತ್ತ್ವ ಜಪಾನಿನ ಯಂತ್ರದ್ದೇ: ಸಾಲಾದ ಮನೆಗಳು, ಅವುಗಳನ್ನು ದಾಟಿಸುವ ಗಡಿಯಾರ. ವ್ಯತ್ಯಾಸ ಇಷ್ಟೇ, ಮನೆಗಳನ್ನು ತುಂಬಿದವರಿಗೆ ಮಿಶ್ರಛಾಪು ಗೊತ್ತಿತ್ತು.

ಯಂತ್ರಕ್ಕೆ ನಿಲುಕದ್ದು

ಹೀಗೆಂದು ಎಲ್ಲ ಲಯವನ್ನೂ ಗುಳಿಗಳಲ್ಲಿ ತುಂಬಬಹುದೆಂದು ತಿಳಿಯಬಾರದು. ನೀಲಗಿರಿಯಲ್ಲಿಯೇ ಅದಕ್ಕೆ ಸಾಕ್ಷಿಯಿದೆ. ಅಲ್ಲಿನ ಕೋತರು ಹಳೆಯ ಕಾಲದಿಂದ ವಾದ್ಯಗಾರರು. ಕೊಳ್ ಎಂಬ ಓಲಗದಂತಹ ಊದುವಾದ್ಯ, ತಬಟೆ, ಡೋಲು, ಬಾಗಿದ ಕೊಂಬು ಅವರ ಮೇಳದಲ್ಲಿವೆ. ಬಡಗರ ಹಬ್ಬ, ಸಾವುಗಳಿಗೆ ಹಿಂದೆ ಅವರೇ ನುಡಿಸುತ್ತಿದ್ದರು. 1930ರ ದಶಕದಿಂದ ಆ ಪದ್ಧತಿ ಕುಗ್ಗುತ್ತ ಬಂತು. ಕೋತರ ಸಂಗೀತವನ್ನು ಅವರ ನಡುವೆ ಇದ್ದು ಅಭ್ಯಾಸ ಮಾಡಿದ ರಿಚರ್ಡ್ ವುಲ್ಫ್ ಎಂಬ ಅಮೆರಿಕದ ವಿದ್ವಾಂಸರು 2005ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ್ದಾರೆ. ಆ ಸಂಗೀತದಲ್ಲಿ ಊದುವವನ ರಾಗ ತಬಟೆಯ ಪೆಟ್ಟಿಗೆ ಎಲ್ಲೆಡೆ ಅಂಟಿಕೊಂಡು ನಡೆಯುವುದಿಲ್ಲ; ಕೆಲವು ನೆಲೆಗಳಲ್ಲಿ ಬಂದು ಕೂಡಿ, ನಡುವೆ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ. ಅದನ್ನು ಸಮ ಅಂತರದ ಮನೆಗಳಲ್ಲಿ ತುಂಬಿದರೆ ಉಳಿಯುವುದು ಎಲುಬು ಮಾತ್ರ.

ನಮ್ಮ ಚೆಂಡೆಯ ಬಿಡ್ತಿಗೆ, ಮುಕ್ತಾಯಗಳೂ ಹಾಗೆಯೇ. ವೇಷಧಾರಿಯ ಕಾಲು ನೋಡಿ ಬಾರಿಸುವ ಕೈಯನ್ನು ಹದಿನಾರು ಗುಂಡಿಗಳು ಕೊಡಲಾರವು. ಸ್ವರದ ವಿಚಾರದಲ್ಲಿಯೂ ಮಿತಿ ಇದೆ. ಮೋಹನದ ಐದು ಸ್ವರಗಳನ್ನು ಮನೆಗಳಲ್ಲಿಟ್ಟರೆ ಗುರುತು ಸಿಗುವಂತೆ ಕೇಳುತ್ತದೆ. ತೋಡಿಯನ್ನು ಹಾಗೆ ಇಟ್ಟರೆ, ಗಮಕವಿಲ್ಲದೆ, ತೋಡಿಯೆಂದು ಒಪ್ಪಲು ಯಾರೂ ಸಿದ್ಧರಾಗಲಿಕ್ಕಿಲ್ಲ.

ಆದುದರಿಂದ ಬಾರಿಸುವ ಕೈ ಇರುವಲ್ಲಿ ಯಂತ್ರ ಬೇಡ. ಕೈ ಇಲ್ಲದಲ್ಲಿ, ಮಕ್ಕಳ ಅಭ್ಯಾಸಕ್ಕೆ, ಸಣ್ಣ ಮನೆಯ ಭಜನೆಗೆ ಅದು ಬಂದರೆ ನಮ್ಮ ಎಣಿಕೆಯನ್ನು ನಾವೇ ಅದಕ್ಕೆ ಕಲಿಸಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಮನೆಯ ಹಿರಿಯರು ಹಾಡುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೈತಾಳ ಹಾಕುತ್ತ, ಪೆಟ್ಟಿನ ಮಾದರಿ ಎಷ್ಟು ಅಕ್ಷರಕ್ಕೆ ಮರುಕಳಿಸುತ್ತದೆಂದು ಎಣಿಸಿ. ಹತ್ತು ಆವರ್ತಕ್ಕೆ ಎಷ್ಟು ಸೆಕೆಂಡೆಂದು ನೋಡಿ. ಮನೆಗಳ ಸಂಖ್ಯೆ, ಪೆಟ್ಟಿನ ಜಾಗ, ವೇಗ, ಹಾಡಿನ ಹೆಸರು, ಹಾಡಿದವರ ಹೆಸರು ಇಷ್ಟನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ಯಂತ್ರ ಕೆಡಬಹುದು, ಅದರ ನೆನಪು ಅಳಿಸಿಹೋಗಬಹುದು. ಪುಸ್ತಕವಿದ್ದರೆ ಮುಂದಿನ ಯಾವ ಯಂತ್ರಕ್ಕಾದರೂ ಕಲಿಸಬಹುದು.

ಅಂದು ಸಂಜೆ ಹೊರಗೆ ಮಂಜು ಕವಿದಿತ್ತು. ಬಂದವರು ಮನೆಯವರೂ ಸೇರಿ ಏಳೆಂಟು ಮಂದಿ. ಮಾಣಿ ಯಂತ್ರವನ್ನು 75ಕ್ಕೆ ಇಟ್ಟು ಗುಂಡಿ ಒತ್ತಿದ. ದೊಡ್ಡಮ್ಮ ಎರಡು ಆವರ್ತ ಸುಮ್ಮನೆ ಕೇಳಿ, ತೊಡೆಯ ಮೇಲೆ ಕೈತಾಳ ಹಿಡಿದು, ಬಿಟ್ಟಿದ್ದ ಹಾಡನ್ನು ಎತ್ತಿಕೊಂಡಳು. ಪಲ್ಲವಿ, ಅನುಪಲ್ಲವಿ, ಮೂರು ಚರಣ, ಎಲ್ಲಿಯೂ ಕೆಡಲಿಲ್ಲ. ಕೊನೆಯ ಚರಣದ ಅಂಕಿತದ ಹತ್ತಿರ ಬಂದಾಗ ಆಕೆ ಎಂದಿನಂತೆ ಲಯವನ್ನು ಹಿಂದಕ್ಕೆಳೆದಳು. ಆ ಹೆಸರನ್ನು ಅವಸರದಲ್ಲಿ ಹೇಳಿ ಅಭ್ಯಾಸವಿಲ್ಲ ಆಕೆಗೆ. ಯಂತ್ರಕ್ಕೆ ಅದು ತಿಳಿಯದು. ಮಾಣಿ ಅಜ್ಜಿಯ ಮುಖ ನೋಡಿದ, ಮೆಲ್ಲನೆ ಗುಂಡಿಯ ಮೇಲೆ ಬೆರಳಿಟ್ಟು ನಿಲ್ಲಿಸಿದ. ಉಳಿದ ಅರ್ಧ ಸಾಲನ್ನು ಆಕೆ ಕೈತಾಳದಲ್ಲಿಯೇ ಮುಗಿಸಿದಳು.

ಮರುದಿನ ಬಸ್ಸು ಹತ್ತುವ ಮುನ್ನ ಮಾಣಿ ತನ್ನ ಪುಸ್ತಕ ತೋರಿಸಿದ. ಮೊದಲ ಪುಟದಲ್ಲಿ ಹದಿನಾಲ್ಕು ಗುಳಿಗಳ ಚಿತ್ರ, ಆರು ಗುಳಿಗಳಲ್ಲಿ ಕಾಯಿ, ಕೆಳಗೆ ಹಾಡಿನ ಮೊದಲ ಪದ. ಅಕ್ಷರ ಅಷ್ಟೇನೂ ದುಂಡಾಗಿರಲಿಲ್ಲ. ಶಾಲೆಯಲ್ಲಿ ಅವನು ಕನ್ನಡ ಕಲಿತವನಲ್ಲ. ಆದರೆ ಬರೆದದ್ದು ಕನ್ನಡದಲ್ಲಿಯೇ.

“ಅಜ್ಜಿಯ ಹತ್ತಿರ ಇಂತಹವು ಇನ್ನೂ ಹನ್ನೊಂದು ಇವೆಯಂತೆ, ಚಿಕ್ಕಪ್ಪ,” ಎಂದ.